ಬೆಳಗೊಳದ ಕಲ್ಲಿನ ನೆರಳನ್ನು ಕಾಗದಕ್ಕೆ ಇಳಿಸಿದ ಸರ್ವೆ ಸಾಹೇಬ: ಕಾಲಿನ್ ಮೆಕೆಂಜಿ

ಚನ್ನರಾಯಪಟ್ಟಣ: ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬೆನ್ನ ಹಿಂದೆ, ಉತ್ತರಕ್ಕೆ ಸುಮಾರು ಒಂದು ಕಿ.ಮೀ. ನಡೆದರೆ ಜಿನನಾಥಪುರ ಸಿಗುತ್ತೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಊರಿದು. ಊರೊಳಗಿನ ಶಾಂತಿನಾಥ ಬಸದಿ ಸುಮಾರು 1200ನೇ ಇಸವಿಯದು, ಅದನ್ನು ಕಟ್ಟಿಸಿದವನು ದಂಡನಾಯಕ ರೇಚಣ. ಚಿಕ್ಕಬೆಟ್ಟದ ಬಸದಿಗಳ ಹೊರಗೋಡೆ ಬಹುತೇಕ ಬೋಳು. ಇಲ್ಲಿ ಹಾಗಲ್ಲ. ಗೋಡೆ ತುಂಬ ಜಿನಬಿಂಬ, ಯಕ್ಷ, ಯಕ್ಷಿ, ಸರಸ್ವತಿ, ಕುಣಿಯುವವರು, ವಾದ್ಯ ನುಡಿಸುವವರು.

ಈ ಗೋಡೆಯನ್ನು ಮಟಮಟ ಮಧ್ಯಾಹ್ನ ನೋಡಿದರೆ ಅರ್ಧ ಕೆತ್ತನೆ ಕಣ್ಣಿಗೇ ಬೀಳಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು. ಆಗ ಮೂಗಿನ ಪಕ್ಕ ಒಂದು ಚೂರು ನೆರಳು, ಸರದ ಮಣಿಗೊಂದು ನೆರಳು, ಬೆರಳ ಸಂದಿಗೊಂದು ನೆರಳು. ಕಲ್ಲು ಎದ್ದು ಬಂದ ಹಾಗೆ ಕಾಣುತ್ತೆ. ಇದ್ದಿಲು ಹಿಡಿದು ಚಿತ್ರ ಬರೆಯುವವರು ಕಾಯೋದು ಈ ಹೊತ್ತಿಗೇ. ಅವರ ಕೈಯಲ್ಲಿರೋದು ಕಪ್ಪು ಒಂದೇ. ಬೆಳಕನ್ನು ಬಳಿಯೋಕೆ ಅವರ ಹತ್ತಿರ ಬಣ್ಣವಿಲ್ಲ, ಕಾಗದವನ್ನು ಹಾಗೇ ಬಿಡೋದೇ ಬೆಳಕು. ಇದ್ದಿಲನ್ನು ಮಲಗಿಸಿ ಎಳೆದರೆ ಕಾಗದದ ತರಿ ಎದ್ದು ಒರಟು ಗೋಡೆ ಆಗುತ್ತೆ, ಬಟ್ಟೆಯಲ್ಲಿ ಒರೆಸಿದರೆ ನುಣುಪಾದ ಬಳಪದ ಕಲ್ಲಾಗುತ್ತೆ.

ಬೆಳಗೊಳ ಸೀಮೆಯ ಕಟ್ಟಡ, ಬೆಟ್ಟ, ಮೂರ್ತಿಗಳನ್ನು ಹೀಗೆ ನೆರಳು ಬೆಳಕಿನಲ್ಲಿ ಕಾಗದಕ್ಕೆ ಇಳಿಸುವ ಕೆಲಸ 200 ವರ್ಷದ ಹಿಂದೆಯೇ ನಡೆದಿತ್ತು. ಅದನ್ನು ಮಾಡಿಸಿದವರು ಚಿತ್ರಗಾರರೇ ಅಲ್ಲ. ಜಮೀನು ಅಳೆಯೋಕೆ ಬಂದಿದ್ದ ಒಬ್ಬ ಸರ್ವೆ ಅಧಿಕಾರಿ. ಹೆಸರು ಕಾಲಿನ್ ಮೆಕೆಂಜಿ.

ಸುಂಕದ ಕಟ್ಟೆಯಿಂದ ಮದರಾಸಿಗೆ

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಊರಲ್ಲಿ. ಮೊದಲ ನೌಕರಿ ಅಲ್ಲೇ ಸುಂಕದ ಇಲಾಖೆಯಲ್ಲಿ. ಹಡಗಿನ ಸರಕು ಎಣಿಸೋದು, ಲೆಕ್ಕ ಬರೆಯೋದು. ಆದರೆ ಮನಸ್ಸೆಲ್ಲ ಗಣಿತದ ಕಡೆ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಅವರ ಜೀವನ ಬರೆಯುತ್ತಿದ್ದ ಅದೇ ಮನೆತನದ ದೊಡ್ಡ ಮನುಷ್ಯರೊಬ್ಬರಿಗೆ ಹಿಂದೂ ಗಣಿತದ ಬಗ್ಗೆ ಮಾಹಿತಿ ಬೇಕಿತ್ತು. ಆ ಹುಡುಕಾಟವೇ ಮೆಕೆಂಜಿಯವರ ಗಮನವನ್ನು ಈ ದೇಶದ ಕಡೆ ತಿರುಗಿಸಿತು.

1783ರ ಸೆಪ್ಟೆಂಬರಿನಲ್ಲಿ ಅವರು ಮದರಾಸಿಗೆ ಬಂದಿಳಿದರು. ವಯಸ್ಸು ಆಗಲೇ ಮೂವತ್ತರ ಹತ್ತಿರ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಇಂಜಿನಿಯರ್ ಕೆಲಸ. ಮಧುರೆಗೆ ಹೋಗಿ ಅಲ್ಲಿನ ಪಂಡಿತರ ಜೊತೆ ಕೂತು ಮಾತಾಡಿದರು. ಹಳೇ ಓಲೆಗರಿ, ಶಾಸನ, ಊರಿನ ಕಥೆಗಳ ಹುಚ್ಚು ಹತ್ತಿದ್ದು ಅಲ್ಲೇ. ಆದರೆ ಆಮೇಲಿನ ಹದಿನೈದು ವರ್ಷ ಹೋಗಿದ್ದು ಯುದ್ಧ, ರಸ್ತೆ, ಕೋಟೆ, ನಕ್ಷೆ ಅಂತ. ಟಿಪ್ಪು ಸುಲ್ತಾನರ ಮೇಲಿನ 1790-92ರ ಯುದ್ಧದಲ್ಲಿ ಅವರಿದ್ದರು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗಲೂ ಇಂಜಿನಿಯರಾಗಿ ಅಲ್ಲೇ ಇದ್ದರು.

ಟಿಪ್ಪು ಮಡಿದ ಮೇಲೆ ರಾಜ್ಯವನ್ನು ಕಂಪನಿ, ನಿಜಾಮ ಮತ್ತು ಮೈಸೂರು ಒಡೆಯರ ನಡುವೆ ಹಂಚಲಾಯಿತು. ಯಾರ ಗಡಿ ಎಲ್ಲಿಗೆ, ಯಾವ ಊರು ಯಾರಿಗೆ, ಎಷ್ಟು ಕೆರೆ, ಎಷ್ಟು ಜಮೀನು ಅನ್ನೋ ಲೆಕ್ಕ ಬೇಕಾಯಿತು. ಮೈಸೂರು ಸೀಮೆಯ ಸರ್ವೆ ಕೆಲಸ ಮೆಕೆಂಜಿಯವರ ಹೆಗಲಿಗೆ ಬಿತ್ತು. ಸುಮಾರು ಹತ್ತು ವರ್ಷದಲ್ಲಿ 40,000 ಚದರ ಮೈಲಿಯಷ್ಟು ನೆಲವನ್ನು ಅವರ ತಂಡ ಅಳೆಯಿತು. ಇಂದಿನ ಹಾಸನ ಜಿಲ್ಲೆಯ ನೆಲವೂ ಅದರೊಳಗೇ ಬಂತು.

ಸರಪಳಿ ಹಿಡಿದವರ ಕೈಗೆ ಕುಂಚ

ಕಂಪನಿಗೆ ಬೇಕಿದ್ದದ್ದು ನಕ್ಷೆ ಮತ್ತು ಕಂದಾಯದ ಲೆಕ್ಕ. ಮೆಕೆಂಜಿ ಅಷ್ಟಕ್ಕೇ ನಿಲ್ಲಲಿಲ್ಲ. ಊರಿಗೆ ಹೋದರೆ ಮೊದಲು ಸರಪಳಿ, ಪ್ಲೇನ್ ಟೇಬಲ್. ಅದರ ಹಿಂದೆಯೇ ಇನ್ನೊಂದು ತಂಡ. ಊರಿನ ಹೆಸರು ಹೇಗೆ ಬಂತು, ದೇವಸ್ಥಾನ ಯಾರು ಕಟ್ಟಿಸಿದ್ದು, ಶಾಸನ ಎಲ್ಲಿದೆ, ಪಾಳೆಯಗಾರರ ಮನೆತನ ಯಾವುದು ಅಂತ ಶಾನುಭೋಗರು, ಅರ್ಚಕರು, ಊರ ಹಿರಿಯರನ್ನು ಕೇಳಿ ಬರೆಸುತ್ತಿದ್ದರು. ಈಗ ಕೈಫಿಯತ್ತು ಅಂತ ಕರೆಯೋದು ಇಂಥ ಬರಹಗಳನ್ನೇ.

ಮೆಕೆಂಜಿಯವರಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳು, ಸಂಸ್ಕೃತದಲ್ಲೂ ಸ್ವಂತವಾಗಿ ಓದುವಷ್ಟು ಹಿಡಿತ ಇರಲಿಲ್ಲ. ಅವರ ಕಣ್ಣು, ಕಿವಿ, ನಾಲಿಗೆ ಎಲ್ಲವೂ ಆಗಿದ್ದವರು ಇಲ್ಲಿನವರೇ. ಏಲೂರಿನ ಕಾವಲಿ ವೆಂಕಟ ಬೋರಯ್ಯ 1796ರಲ್ಲಿ ಜೊತೆ ಸೇರಿದರು. ಬೋರಯ್ಯ 1803ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಆ ಕೆಲಸ ವಹಿಸಿಕೊಂಡರು. ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಹಳಗನ್ನಡದ ಶಾಸನಗಳನ್ನು ಓದಿ ಹೇಳುತ್ತಿದ್ದರು.

ಬೆಳಗೊಳದ ನಂಟು ಬಂದಿದ್ದೂ ಹೀಗೇ. ಜೈನ ಧರ್ಮದ ಬಗ್ಗೆ ಆಗಿನ ಯೂರೋಪಿನವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಬೆಳಗೊಳದ ಮಠದ ಚಾರುಕೀರ್ತಿ ಸ್ವಾಮಿಗಳು ಹೇಳಿದ ಕ್ಷೇತ್ರದ ಇತಿಹಾಸ ಮತ್ತು ಪುರಾಣ, ಮೆಕೆಂಜಿಯವರ ಮೂಲಕ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಬೆಳಗೊಳದ ಕಥೆ ಹೊರ ಜಗತ್ತಿನ ವಿದ್ವಾಂಸರ ಕೈಗೆ ಸಿಕ್ಕ ಮೊದಮೊದಲ ದಾರಿಗಳಲ್ಲಿ ಇದೂ ಒಂದು.

ಆಗ ಕ್ಯಾಮೆರಾ ಇರಲಿಲ್ಲ. ಫೋಟೊ ತೆಗೆಯುವ ವಿದ್ಯೆ ಬಂದಿದ್ದೇ 1839ರಲ್ಲಿ. ನೋಡಿದ್ದನ್ನು ತೋರಿಸಬೇಕಾದರೆ ಬರೆದೇ ತೋರಿಸಬೇಕು. ಮದರಾಸಿನಲ್ಲಿ 1794ರಲ್ಲಿ ಶುರುವಾಗಿದ್ದ ಸರ್ವೆ ಶಾಲೆಯ ಹುಡುಗರು ಮೆಕೆಂಜಿ ತಂಡದಲ್ಲಿದ್ದರು. ಅಳೆಯೋದರ ಜೊತೆಗೆ ಅವರಿಗೆ ಚಿತ್ರ ಬರೆಯೋದನ್ನೂ ಕಲಿಸಲಾಗಿತ್ತು. ಆಮೇಲೆ ತಿರುವಾಂಕೂರು ಸರ್ವೆಯಲ್ಲಿ ಹೆಸರು ಮಾಡಿದ ಬೆಂಜಮಿನ್ ಸ್ವೇನ್ ವಾರ್ಡ್ ಪಳಗಿದ್ದು ಮೈಸೂರು ಸರ್ವೆಯಲ್ಲೇ.

ನೆರಳಿನ ಲೆಕ್ಕ

ಇವರು ಬಳಸಿದ್ದು ಇದ್ದಿಲಲ್ಲ. ಪೆನ್ಸಿಲಿನಲ್ಲಿ ಗೆರೆ, ಅದರ ಮೇಲೆ ಶಾಯಿ, ಅದರ ಮೇಲೆ ನೀರಲ್ಲಿ ತೆಳುವಾಗಿ ಕಲಸಿದ ಬೂದು ಬಣ್ಣದ ಬಳಿತ. ಆದರೆ ಗುಟ್ಟು ಇದ್ದಿಲು ಚಿತ್ರದ್ದೇ. ಬೆಳಕಿರುವ ಕಡೆ ಕಾಗದ ಖಾಲಿ. ನೆರಳಿನ ಕಡೆ ಒಂದು ಬಳಿತ, ಒಣಗಿದ ಮೇಲೆ ಇನ್ನೊಂದು, ತೀರಾ ಆಳದ ಕಡೆ ಮತ್ತೊಂದು. ಬಾಗಿಲೊಳಗಿನ ಕತ್ತಲಿಗೆ ಎಲ್ಲಕ್ಕಿಂತ ಗಾಢ. ಕಂಬದ ಒಂದು ಬದಿ ಬಿಳಿ, ಒಂದು ಬದಿ ಬೂದು ಇದ್ದರೆ ಸಾಕು, ಚಪ್ಪಟೆ ಕಾಗದದ ಮೇಲೆ ಕಂಬ ದುಂಡಗಾಗುತ್ತೆ.

ಇಂಥ ಚಿತ್ರ ನೋಡುವಾಗ ಒಂದು ವಿಷಯ ಗೊತ್ತಿರಬೇಕು. ಸರ್ವೆ ಮತ್ತು ಸೈನ್ಯದ ಚಿತ್ರಗಳಲ್ಲಿ ಬೆಳಕು ಎಡಗಡೆ ಮೇಲಿಂದ ಬರುತ್ತೆ ಅಂತ ಇಟ್ಟುಕೊಳ್ಳುವುದು ಸಾಮಾನ್ಯ ವಾಡಿಕೆ. ಹಾಗಾಗಿ ನೆರಳು ನೋಡಿ ಆ ದಿನ ಸೂರ್ಯ ಎಲ್ಲಿದ್ದ ಅಂತ ಹೇಳೋಕೆ ಆಗಲ್ಲ. ಅಲ್ಲಿ ನೆರಳು ಇರೋದು ಗೋಡೆ ಎಷ್ಟು ಮುಂದೆ ಬಂದಿದೆ, ಎಷ್ಟು ಒಳಗೆ ಹೋಗಿದೆ ಅಂತ ತಿಳಿಸೋಕೆ. ಸ್ಥಳದಲ್ಲೇ ಕೂತು ಇದ್ದಿಲಲ್ಲಿ ಬರೆಯುವವರ ನೆರಳು ಬೇರೆ, ಅದು ಗಂಟೆ ಹೇಳುತ್ತೆ.

ಗೊಮ್ಮಟನ ಮುಂದೆ ನಿಂತವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ದೊಡ್ಡಬೆಟ್ಟದ ಮೂರ್ತಿ ಉತ್ತರಕ್ಕೆ ಮುಖ ಮಾಡಿದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಿನವಿಡೀ ದಕ್ಷಿಣದ ಕಡೆ ಇರೋದರಿಂದ ಮೂರ್ತಿಯ ಮುಖಕ್ಕೆ ನೇರ ಬಿಸಿಲು ಬೀಳಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಆಗ ಹುಬ್ಬು, ಮೂಗು, ತುಟಿ, ಮೈಗೆ ಹಬ್ಬಿದ ಬಳ್ಳಿ ಎಲ್ಲದರ ನೆರಳೂ ಕೆಳಮುಖವಾಗಿ ಇಳಿಯುತ್ತೆ. ಮೂರ್ತಿ ಒಂದೇ ಆದರೂ ತಿಂಗಳಿಗೊಂದು ಮುಖ.

ಮೆಕೆಂಜಿ ತಂಡದವರು ಈ ಮೂರ್ತಿಯ ಚಿತ್ರವನ್ನೂ ಬರೆದರು. ಆ ಕಾಲದಲ್ಲಿ ಬರೀ ಅಂಕಿ ನಂಬಿ ಕೂತಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಗೊಮ್ಮಟನ ಎತ್ತರವೇ ಸಾಕ್ಷಿ. ಬುಕಾನನ್ ಕೊಟ್ಟ ಲೆಕ್ಕ 70 ಅಡಿ 3 ಅಂಗುಲ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿಯವರದು 60 ಅಡಿ 3 ಅಂಗುಲ. ಎಷ್ಟೋ ವರ್ಷದ ಮೇಲೆ ಕಮಿಷನರ್ ಬೌರಿಂಗ್ ಅಳೆಸಿದಾಗ ಬಂದಿದ್ದು 57 ಅಡಿ. ಅಳತೆ ಮಾಡುವವರೇ 13 ಅಡಿ ತಪ್ಪಿದ್ದರು. ಕಲ್ಲಿನ ನುಣುಪು, ಹೆಗಲಿನ ಅಗಲ, ನಿಂತ ಭಂಗಿ ಇವನ್ನೆಲ್ಲ ಯಾವ ಅಂಕಿಯೂ ಹೇಳಲಿಲ್ಲ. ಅದನ್ನು ಹೇಳೋಕೆ ಚಿತ್ರವೇ ಬೇಕಾಯಿತು.

ಗೋಡೆಯ ಮೈ ಓದುವುದು

ಬೆಳಗೊಳ ಸುತ್ತಮುತ್ತ ಕಲ್ಲಿನಲ್ಲೇ ಎರಡು ಜಾತಿ. ಬೆಟ್ಟದ ಕಲ್ಲು ಕಣಶಿಲೆ, ಗಟ್ಟಿ, ತರಿತರಿ. ಬಿಸಿಲು ಬಿದ್ದರೆ ಸಣ್ಣಸಣ್ಣ ಹರಳು ಮಿಂಚುತ್ತೆ, ಕೆತ್ತನೆ ಸೂಕ್ಷ್ಮವಾಗಿ ಮಾಡೋದು ಕಷ್ಟ. ಜಿನನಾಥಪುರದ ಶಾಂತಿನಾಥ ಬಸದಿಯದು ಬಳಪದ ಕಲ್ಲು. ಮೆದು, ನುಣುಪು, ಉಗುರಿನಷ್ಟು ಜಾಗದಲ್ಲೂ ಒಡವೆ ಕೆತ್ತಬಹುದು. ಚಿತ್ರದಲ್ಲಿ ಇವೆರಡಕ್ಕೂ ಒಂದೇ ಥರ ಗೀಟು ಹಾಕಿದರೆ ಬರೆದವರು ಕಲ್ಲನ್ನು ನೋಡಿಲ್ಲ ಅಂತಲೇ ಅರ್ಥ.

ಊರ ಮನೆಗಳ ಮಾತೂ ಅಷ್ಟೇ. ಮೆಕೆಂಜಿ ಕಾಲದ ಹಳ್ಳಿ ಮನೆಗೆ ಮಂಗಳೂರು ಹೆಂಚು ಇರಲಿಲ್ಲ. ಆ ಹೆಂಚಿನ ಕಾರ್ಖಾನೆ ಬಾಸೆಲ್ ಮಿಷನ್‌ನವರಿಂದ ಮಂಗಳೂರಲ್ಲಿ ಶುರುವಾಗಿದ್ದೇ 1865ರಲ್ಲಿ. ಅದಕ್ಕೂ ಮುಂಚೆ ಹುಲ್ಲಿನ ಮಾಡು, ಇಲ್ಲವೇ ಕುಂಬಾರರು ಮಾಡಿದ ನಾಡಹೆಂಚು. ಹುಲ್ಲಿನ ಸೂರಿನ ನೆರಳಿಗೆ ಅಂಚು ಸರಿಯಾಗಿರಲ್ಲ, ಹರಿದ ಬಟ್ಟೆಯ ಹಾಗೆ ಬೀಳುತ್ತೆ. ನಾಡಹೆಂಚಿನ ನೆರಳು ಅಲೆಅಲೆಯಾಗಿರುತ್ತೆ. ಮಂಗಳೂರು ಹೆಂಚಿನದು ಸಾಲುಸಾಲು. ತಗಡಿನದು ಕತ್ತರಿಸಿಟ್ಟ ಹಾಗೆ ನೇರ ಗೆರೆ. ಸೂರಿನ ನೆರಳೊಂದನ್ನೇ ಸರಿಯಾಗಿ ಬರೆದಿದ್ದರೂ ಅದು ಯಾವ ಕಾಲದ ಮನೆ ಅಂತ ಅಂದಾಜು ಮಾಡಬಹುದು.

ಮಣ್ಣಿನ ಗೋಡೆಗೆ ಸುಣ್ಣ ಬಳಿದಿದ್ದರೆ ಬೆಳಕು ಮೆತ್ತಗೆ ಹರಡುತ್ತೆ. ಸುಣ್ಣ ಚಕ್ಕೆ ಎದ್ದ ಕಡೆ ಸಣ್ಣ ನೆರಳಿನ ಅಂಚು ಮೂಡುತ್ತೆ. ಜಗುಲಿಯ ತುದಿ, ಜನ ಕೂತು ಕೂತು ಸವೆದ ಕಡೆ, ದುಂಡಗಾಗಿ ಹೊಳೆಯುತ್ತೆ. ಮಳೆ ಎರಚಲು ಬಡಿಯುವ ಗೋಡೆ ಬುಡದಲ್ಲಿ ಕೊರೆದಿರುತ್ತೆ. ಇದೆಲ್ಲ ಕಟ್ಟಡದ ದೋಷವಲ್ಲ, ಆ ಕಟ್ಟಡದಲ್ಲಿ ಬದುಕಿದವರ ಗುರುತು. ಒಳ್ಳೇ ಚಿತ್ರ ಇದನ್ನು ಅಳಿಸಲ್ಲ, ಉಳಿಸಿಕೊಳ್ಳುತ್ತೆ.

ಜೇಬಿಂದ ಹೋದ ದುಡ್ಡು

ಮೆಕೆಂಜಿ ದೇವರಂಥ ಮನುಷ್ಯ ಅಂತೇನೂ ಹೇಳಬೇಕಾಗಿಲ್ಲ. ಅವರು ಗೆದ್ದವರ ಸೈನ್ಯದ ಅಧಿಕಾರಿ. ಅವರ ನಕ್ಷೆ ಮೊದಲು ನೆರವಾಗಿದ್ದು ಕಂದಾಯಕ್ಕೆ ಮತ್ತು ಆಳ್ವಿಕೆಗೆ. ಊರಿನವರು ಅವರ ತಂಡ ಕಂಡು ಹೆದರಿದರೆ, ಮಾಹಿತಿ ಬಚ್ಚಿಟ್ಟರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಚಿತ್ರ, ಶಾಸನ, ಓಲೆಗರಿಯ ಕೆಲಸಕ್ಕೆ ಕಂಪನಿಯಿಂದ ಬಂದ ಬೆಂಬಲ ಬಹಳ ಕಡಿಮೆ. ಸರ್ವೆಯ ಖರ್ಚು ಜಾಸ್ತಿ ಅಂತ ಭತ್ಯೆಗೆ ಕತ್ತರಿ ಬಿತ್ತು. ಕಾಡು ಸೀಮೆಯ ಜ್ವರಕ್ಕೆ ಸಿಕ್ಕಿ ಜೊತೆಗಾರರು ಹಾಸಿಗೆ ಹಿಡಿದರು. ಹಳ್ಳಿಹಳ್ಳಿ ತಿರುಗಿ ಮಾಹಿತಿ ತರುವವರಿಗೆ ಮೆಕೆಂಜಿ ತಮ್ಮ ಸಂಬಳದಿಂದಲೇ ಕೊಡುತ್ತಾ ಹೋದರು. ಲಾಭ ಬರುವ ವ್ಯಾಪಾರವಲ್ಲ ಅಂತ ಗೊತ್ತಿದ್ದೂ ಅಂಗಡಿ ಮುಚ್ಚಲಿಲ್ಲ.

1810ರಲ್ಲಿ ಮದರಾಸಿನ ಸರ್ವೇಯರ್ ಜನರಲ್ ಆದರು. ಮರುವರ್ಷ ಸೈನ್ಯದ ಜೊತೆ ಜಾವಾ ದ್ವೀಪಕ್ಕೆ ಹೋಗಬೇಕಾಯಿತು. ಅಲ್ಲೂ ಹಳೇ ದೇಗುಲಗಳನ್ನು ಹುಡುಕಿ ಬರೆಸಿದರು. ಮದುವೆಯಾಗಿದ್ದೂ ಅಲ್ಲೇ, ಆ ಹೊತ್ತಿಗೆ ವಯಸ್ಸು 58ರ ಆಸುಪಾಸು. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕವಾದರು.

1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರರು ಮೆಕೆಂಜಿಯವರ ತೈಲಚಿತ್ರ ಬರೆದರು. ಕೆಂಪು ಕೋಟು ತೊಟ್ಟ ಮೆಕೆಂಜಿ, ಪಕ್ಕದಲ್ಲಿ ಮೂವರು ಇಲ್ಲಿನವರು. ಒಬ್ಬರ ಕೈಯಲ್ಲಿ ದೂರದರ್ಶಕ, ಒಬ್ಬರ ಕೈಯಲ್ಲಿ ಓಲೆಗರಿ. ದೂರದ ಬೆಟ್ಟದ ಮೇಲೆ ಗೊಮ್ಮಟ ಮೂರ್ತಿ. ಸಾಹೇಬರ ಚಿತ್ರದಲ್ಲಿ ಕೆಲಸದವರಿಗೂ ಜಾಗ ಕೊಟ್ಟಿದ್ದು ಆ ಕಾಲಕ್ಕೆ ಅಪರೂಪ. ಆದರೆ ಆ ಮೂವರು ಯಾರು ಅಂತ ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಕೆಂಪು ಕೋಟಿನವರು ಯಾರು ಅನ್ನೋದಕ್ಕೆ ಚರ್ಚೆಯೇ ಬೇಕಾಗಿಲ್ಲ.

ಸಾವಿನ ನಂತರ

ಕೂಡಿಟ್ಟಿದ್ದನ್ನೆಲ್ಲ ಪಟ್ಟಿ ಮಾಡಿ ಮುಗಿಸಬೇಕು ಅನ್ನೋದು ಮೆಕೆಂಜಿಯವರ ಕೊನೆಯ ಆಸೆಯಾಗಿತ್ತು. ಆಗಲಿಲ್ಲ. 1821ರ ಮೇ 8ರಂದು ತೀರಿಕೊಂಡರು. ಸಮಾಧಿ ಇರೋದು ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ. ಇಂಡಿಯಾಕ್ಕೆ ಬಂದ ಮೇಲೆ ಹುಟ್ಟೂರನ್ನು ಅವರು ಮತ್ತೆ ನೋಡಲೇ ಇಲ್ಲ.

ಅವರ ಸಂಗ್ರಹವನ್ನು ಕಂಪನಿ ಅವರ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. 1828ರಲ್ಲಿ ವಿಲ್ಸನ್ ಅಚ್ಚು ಮಾಡಿಸಿದ ಪಟ್ಟಿಯ ಪ್ರಕಾರ ಅದರಲ್ಲಿ 1,568 ಹಸ್ತಪ್ರತಿ, 8,076 ಶಾಸನದ ಪ್ರತಿ, 6,218 ನಾಣ್ಯ, 79 ನಕ್ಷೆ ಇದ್ದವು. ಚಿತ್ರಗಳೇ 2,630.

ಮೆಕೆಂಜಿ ಹೋದ ಮೇಲೆ ಆ ಕೆಲಸವನ್ನು ಮುಂದುವರಿಸೋಕೆ ಕಾವಲಿ ಲಕ್ಷ್ಮಯ್ಯ ಮುಂದೆ ಬಂದರು. ಅಷ್ಟು ವರ್ಷ ಅದರಲ್ಲೇ ಬೆಳೆದ ಮನುಷ್ಯ. ಯಾವ ಕಾಗದ ಯಾವ ಊರಿನದು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ಆದರೆ 1830ರ ದಶಕದಲ್ಲಿ ಏಷ್ಯಾಟಿಕ್ ಸೊಸೈಟಿಯ ಸಮಿತಿ, ಇಂಥ ಕೆಲಸದ ನೇತೃತ್ವಕ್ಕೆ ಇಲ್ಲಿನವರು ಸಾಲದು ಅಂತ ತೀರ್ಮಾನಿಸಿತು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಾಯಿತು. ಜೀವಮಾನದ ಕಸುಬು ಕಣ್ಣೆದುರೇ ಬೇರೆಯವರ ಕೈ ಸೇರಿದ್ದನ್ನು ಲಕ್ಷ್ಮಯ್ಯ ನೋಡಬೇಕಾಯಿತು.

ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಸ್ತಪ್ರತಿಗಳ ದೊಡ್ಡ ಪಾಲು ಚೆನ್ನೈನಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಎಷ್ಟೋ ಚಿತ್ರಗಳ ಮೇಲೆ ಊರಿನ ಹೆಸರಿದೆ, ಬರೆದ ಕೈಯ ಹೆಸರಿಲ್ಲ. ಬೆಳಕು ಬಿಟ್ಟವರು, ನೆರಳು ಹಾಕಿದವರು ಹೆಸರಿಲ್ಲದೇ ಹೋದರು. ಉಳಿದಿದ್ದು ಮೆಕೆಂಜಿ ಸಂಗ್ರಹ ಅನ್ನೋ ಒಂದೇ ಹೆಸರು.

ಜಿನನಾಥಪುರದಂಥ ಊರುಗಳಲ್ಲಿ ಬಸದಿಗೆ ಇಲಾಖೆಯ ಕಾವಲು ಸಿಗಬಹುದು. ಪಕ್ಕದ ಮಣ್ಣಿನ ಮನೆಗೆ, ಜಗುಲಿಗೆ, ಮರದ ಕಂಬದ ಹಳೇ ಅಂಗಡಿಗೆ ಅಂಥ ಕಾವಲಿಲ್ಲ. ಸಿಮೆಂಟು ಬರುತ್ತೆ, ಮುಂದಕ್ಕೆ ಶೀಟು ಬರುತ್ತೆ, ಬೋರ್ಡು ಬರುತ್ತೆ. ಬರೋದೇ, ಬದುಕು ನಡೆಯಬೇಕಲ್ಲ. ಅದಕ್ಕೂ ಮುಂಚೆ ಶಾಲೆಗೆ ಹೋಗುವ ಮಕ್ಕಳ ಕೈಗೆ ಒಂದು ಇದ್ದಿಲು, ಒಂದು ಹಾಳೆ ಕೊಟ್ಟು ಸಂಜೆ ಐದಕ್ಕೆ ಎದುರಿಗೆ ಕೂರಿಸಬಹುದು. ಸೂರಿನ ನೆರಳು ಗೋಡೆ ಮೇಲೆ ಎಲ್ಲಿಯವರೆಗೆ ಇಳಿದಿದೆ, ಸುಣ್ಣ ಎಲ್ಲಿ ಎದ್ದಿದೆ, ಜಗುಲಿ ಎಲ್ಲಿ ಸವೆದಿದೆ ಅಂತ ನೋಡಿ ಬರೆಯಲಿ.

ಬರೆದಾದ ಮೇಲೆ ಹಿಂಬದಿಯಲ್ಲಿ ಊರು, ಬೀದಿ, ತಾರೀಕು, ಹೊತ್ತು, ಗೋಡೆ ಯಾವ ದಿಕ್ಕಿಗಿದೆ ಅನ್ನೋದನ್ನೂ ಬರೆದಿಡಬೇಕು. ಅದರ ಕೆಳಗೆ ಬರೆದವರ ಹೆಸರು. ಮೆಕೆಂಜಿ ತಂಡದ ಎಷ್ಟೋ ಹುಡುಗರಿಗೆ ಸಿಗದೇ ಹೋದದ್ದು ಈ ಕೊನೆಯ ಸಾಲೇ.